'ಜೂನೋ' ಬದಲಾಗಿಲ್ಲ, ಅದರ ಸುತ್ತಲಿನ ಕಾನೂನು ಬದಲಾಗಿದೆ

ಹದಿನಾರು ವರ್ಷದ ಹುಡುಗಿ ಒಬ್ಬಳೇ ಕ್ಲಿನಿಕ್‌ಗೆ ನಡೆದು ಬರುತ್ತಾಳೆ. ಅಬಾರ್ಷನ್ ಮಾಡಿಸಿಕೊಳ್ಳಬೇಕು. ಹೊರಗೆ ಅವಳ ಶಾಲೆಯದೇ ಒಬ್ಬ ಹುಡುಗಿ ಫಲಕ ಹಿಡಿದು ಒಂಟಿಯಾಗಿ ಪ್ರತಿಭಟನೆ ಮಾಡುತ್ತಿದ್ದಾಳೆ. ಇಬ್ಬರೂ ಶಾಲೆಯ ಅಸೈನ್‌ಮೆಂಟ್ ಬಗ್ಗೆ ಎರಡು ಮಾತಾಡುತ್ತಾರೆ. ಇವಳು ಮುಂದೆ ಹೋದಾಗ ಆಕೆ ಹಿಂದಿನಿಂದ ಕೂಗುತ್ತಾಳೆ: ನಿನ್ನ ಮಗುವಿಗೆ ಆಗಲೇ ಉಗುರು ಬಂದಿರುತ್ತದೆ. ಒಳಗೆ ಕಾಯುವ ಕೋಣೆಯಲ್ಲಿ ಕೂತರೆ ಕಿವಿಗೆ ಬರೀ ಉಗುರಿನ ಸದ್ದು. ಒಬ್ಬರು ಕೈ ಕೆರೆದುಕೊಳ್ಳುತ್ತಿದ್ದಾರೆ, ಇನ್ನೊಬ್ಬರು ಬೆರಳಲ್ಲಿ ತಾಳ ಹಾಕುತ್ತಿದ್ದಾರೆ. ಹುಡುಗಿ ಎದ್ದು ಹೊರಗೆ ಓಡುತ್ತಾಳೆ.

2007ರ ಡಿಸೆಂಬರ್‌ನಲ್ಲಿ ಅಮೆರಿಕದಲ್ಲಿ ಬಿಡುಗಡೆಯಾದ 'ಜೂನೋ' ಸಿನಿಮಾದ ದೃಶ್ಯ ಇದು. ಆಗ ಜನ ನಕ್ಕರು. ಇವತ್ತು ನೋಡಿದರೆ ಮೊದಲು ಕಣ್ಣಿಗೆ ಬೀಳುವುದು ಬೇರೆ ವಿಷಯ. ಆ ಕ್ಲಿನಿಕ್ ತೆರೆದಿದೆ. ಅವಳು ತಾನಾಗಿ ಒಳಗೆ ಹೋದಳು, ತಾನಾಗಿ ಹೊರಗೆ ಬಂದಳು. ಎರಡೂ ಅವಳ ತೀರ್ಮಾನ. ಈ ಸಿನಿಮಾದ ತಮಾಷೆಯೆಲ್ಲ ನಿಂತಿರುವುದು ಇದೊಂದರ ಮೇಲೆ. ಅದನ್ನು ತೆಗೆದುಬಿಟ್ಟರೆ ಇದೇ ಕಥೆ ತಮಾಷೆಯಾಗಿ ಉಳಿಯುವುದಿಲ್ಲ. ಅಮೆರಿಕದ ಹಲವು ರಾಜ್ಯಗಳಲ್ಲಿ ಈಗ ಅದನ್ನು ತೆಗೆದುಬಿಟ್ಟಿದ್ದಾರೆ.

ಕಥೆ ಗೊತ್ತಿಲ್ಲದವರಿಗೆ ಚಿಕ್ಕದಾಗಿ ಹೇಳುತ್ತೇನೆ. ಮಿನೆಸೋಟ ರಾಜ್ಯದ ಸಣ್ಣ ಊರು. ಜೂನೋ ಮೆಕ್‌ಗಫ್ ಎಂಬ ಚುರುಕು ನಾಲಿಗೆಯ ಹುಡುಗಿ ತನ್ನ ಗೆಳೆಯ ಪಾಲಿ ಬ್ಲೀಕರ್‌ನಿಂದ ಬಸುರಾಗುತ್ತಾಳೆ. ಕ್ಲಿನಿಕ್‌ನಿಂದ ಓಡಿ ಬಂದ ಮೇಲೆ ಮಗುವನ್ನು ಹೆತ್ತು ದತ್ತು ಕೊಡಲು ನಿರ್ಧರಿಸುತ್ತಾಳೆ. ಜಾಹೀರಾತು ಪತ್ರಿಕೆಯಲ್ಲಿ ಮಕ್ಕಳಿಲ್ಲದ ಶ್ರೀಮಂತ ದಂಪತಿ ಸಿಗುತ್ತಾರೆ: ವನೆಸ್ಸಾ ಮತ್ತು ಮಾರ್ಕ್. ಹೆರಿಗೆ ಹತ್ತಿರ ಬಂದಾಗ ಮಾರ್ಕ್ ಹೆಂಡತಿಯನ್ನೇ ಬಿಟ್ಟು ಹೊರಡುತ್ತಾನೆ. ಜೂನೋ ಆಗಲೂ ಮಗುವನ್ನು ವನೆಸ್ಸಾಗೇ ಕೊಡುತ್ತಾಳೆ.

ಬರೆದವರು ಡಯಾಬ್ಲೊ ಕೋಡಿ. ಇದು ಅವರ ಮೊದಲ ಚಿತ್ರಕಥೆ. ಮಿನಿಯಾಪೊಲಿಸ್ ಪಕ್ಕದ ಕ್ರಿಸ್ಟಲ್ ಎಂಬ ಊರಿನ ಟಾರ್ಗೆಟ್ ಅಂಗಡಿಯೊಳಗಿನ ಸ್ಟಾರ್‌ಬಕ್ಸ್‌ನಲ್ಲಿ ಕೂತು ಇದನ್ನು ಬರೆದರು. ನಿರ್ದೇಶಕ ಜೇಸನ್ ರೈಟ್‌ಮನ್‌ಗೆ ಬಿಡುಗಡೆಯ ಹೊತ್ತಿಗೆ ಆಗಷ್ಟೇ ಮೂವತ್ತು ತುಂಬಿತ್ತು. ಜೂನೋ ಆಗಿ ನಟಿಸಿದವರು ಎಲಿಯಟ್ ಪೇಜ್. ಶೂಟಿಂಗ್ ನಡೆದದ್ದು ಕೆನಡಾದ ವ್ಯಾಂಕೂವರ್ ಸುತ್ತಮುತ್ತ. ಬಜೆಟ್ ಸುಮಾರು 70 ಲಕ್ಷ ಡಾಲರ್. ಹಾಲಿವುಡ್ ಲೆಕ್ಕದಲ್ಲಿ ಇದು ತೀರಾ ಕಡಿಮೆ. ಜಗತ್ತಿನಾದ್ಯಂತ ಗಳಿಸಿದ್ದು 23 ಕೋಟಿ ಡಾಲರ್‌ಗೂ ಜಾಸ್ತಿ. ಅತ್ಯುತ್ತಮ ಚಿತ್ರ, ನಿರ್ದೇಶನ, ನಟನೆ, ಚಿತ್ರಕಥೆ ಎಂದು ನಾಲ್ಕು ಆಸ್ಕರ್ ನಾಮನಿರ್ದೇಶನ ಸಿಕ್ಕವು. 2008ರ ಫೆಬ್ರುವರಿಯಲ್ಲಿ ಮೂಲ ಚಿತ್ರಕಥೆಯ ಪ್ರಶಸ್ತಿ ಕೋಡಿ ಅವರಿಗೆ ಬಂತು.

ಈ ಸಿನಿಮಾದ ಮಾತುಗಾರಿಕೆ ಬಗ್ಗೆ ಆಗಲೇ ಜಗಳ ಆಗಿತ್ತು. ಯಾವ ಹದಿನಾರರ ಹುಡುಗಿ ಹೀಗೆ ಮಾತಾಡುತ್ತಾಳೆ ಎಂದು ಹಲವು ವಿಮರ್ಶಕರು ಕೇಳಿದರು. ಮೊದಲ ಹತ್ತು ನಿಮಿಷದ ಮಟ್ಟಿಗೆ ಆ ದೂರು ಸರಿ. ಅಂಗಡಿಯಲ್ಲಿ ಪ್ರೆಗ್ನೆನ್ಸಿ ಟೆಸ್ಟ್ ಕಿಟ್ ಕೊಳ್ಳುವ ದೃಶ್ಯದಲ್ಲಿ ಅಂಗಡಿಯವನೂ ಚಟಾಕಿ, ಅವಳೂ ಚಟಾಕಿ. ಎಲ್ಲರೂ ಒಂದೇ ಬಾಯಲ್ಲಿ ಮಾತಾಡಿದಂತೆ ಕೇಳುತ್ತದೆ. ಆದರೆ ಸಿನಿಮಾ ಮುಂದೆ ಹೋದಂತೆ ಆ ಚಟಾಕಿಗಳು ಕಡಿಮೆಯಾಗುತ್ತವೆ. ಹೆದರಿದಾಗಲೇ ಅವಳ ಮಾತು ಜೋರಾಗುತ್ತದೆ ಎಂದು ನಮಗೆ ನಿಧಾನಕ್ಕೆ ಗೊತ್ತಾಗುತ್ತದೆ. ಹೆರಿಗೆ ಆದ ಮೇಲೆ ಆಸ್ಪತ್ರೆಯ ಹಾಸಿಗೆಯಲ್ಲಿ ಅವಳಿಗೆ ಮಾತೇ ಇಲ್ಲ. ಓಟದ ಪಂದ್ಯ ಮುಗಿಸಿ ಹಾಗೇ ಓಡಿ ಬಂದ ಹುಡುಗ ಪಕ್ಕದಲ್ಲಿ ಮಲಗುತ್ತಾನೆ, ಅವಳು ಅಳುತ್ತಾಳೆ. ಮಗುವನ್ನು ಇಬ್ಬರೂ ನೋಡುವುದಿಲ್ಲ. ಇದನ್ನು ಬರೆದವರಿಗೆ ಬರೀ ಚಟಾಕಿ ಮಾತ್ರ ಬರುತ್ತದೆ ಎಂದರೆ ನಾನು ಒಪ್ಪುವುದಿಲ್ಲ.

ಎಲ್ಲಕ್ಕಿಂತ ಒಳ್ಳೆಯ ದೃಶ್ಯ ಅಪ್ಪನಿಗೆ ಹೇಳುವುದು. ಅಪ್ಪ ಮ್ಯಾಕ್, ಮನೆಗಳ ಹೀಟರ್ ಮತ್ತು ಏಸಿ ರಿಪೇರಿ ಮಾಡುವವನು. ಜೆ.ಕೆ. ಸಿಮನ್ಸ್ ಈ ಪಾತ್ರ ಮಾಡಿದ್ದಾರೆ. ಮಲತಾಯಿ ಬ್ರೆನ್ ಉಗುರು ಅಲಂಕಾರದ ಅಂಗಡಿ ನಡೆಸುತ್ತಾಳೆ. ಈ ಪಾತ್ರದಲ್ಲಿ ಆಲಿಸನ್ ಜ್ಯಾನಿ ಇದ್ದಾರೆ. ಜೂನೋ ಗೆಳತಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ವಿಷಯ ಹೇಳುತ್ತಾಳೆ. ಯಾರೂ ಕಿರುಚುವುದಿಲ್ಲ. ಕಪಾಳಕ್ಕೆ ಹೊಡೆಯುವುದಿಲ್ಲ. ಮನೆ ಬಿಟ್ಟು ಹೋಗು ಎನ್ನುವುದಿಲ್ಲ. ಅಪ್ಪನಿಗೆ ನೋವಾಗಿದೆ, ಅದನ್ನು ಮುಚ್ಚಿಡುವುದೂ ಇಲ್ಲ. ನಿನಗೆ ಎಲ್ಲಿ ನಿಲ್ಲಿಸಬೇಕು ಅಂತ ಗೊತ್ತಿದೆ ಅಂದುಕೊಂಡಿದ್ದೆ ಎನ್ನುತ್ತಾನೆ. ನಾನು ಎಂಥ ಹುಡುಗಿ ಅಂತ ನನಗೇ ಗೊತ್ತಿಲ್ಲ ಎಂದು ಮಗಳು ಉತ್ತರಿಸುತ್ತಾಳೆ. ಮಲತಾಯಿ ಆಗಲೇ ವಿಟಮಿನ್ ಮಾತ್ರೆ, ಡಾಕ್ಟರ್ ಭೇಟಿ ಅಂತ ಯೋಚನೆ ಶುರು ಮಾಡಿರುತ್ತಾಳೆ. ದತ್ತು ಪಡೆಯುವವರನ್ನು ನೋಡಲು ಹೋಗುವಾಗ ನಾನೂ ಜೊತೆಗೆ ಬರುತ್ತೇನೆ, ಯಾರಾದರೂ ನಿನಗೆ ಮೋಸ ಮಾಡಿದರೆ ಏನು ಗತಿ ಎನ್ನುತ್ತಾನೆ ಅಪ್ಪ.

ಸ್ಕ್ಯಾನಿಂಗ್ ಕೋಣೆಯಲ್ಲೂ ಹೀಗೇ. ಮಗುವನ್ನು ದತ್ತು ಕೊಡುತ್ತಾರೆ ಎಂದು ಕೇಳಿ ಅಲ್ಲಿನ ತಂತ್ರಜ್ಞೆ ಸಮಾಧಾನದ ಉಸಿರು ಬಿಡುತ್ತಾಳೆ. ಈ ವಯಸ್ಸಿನ ಹುಡುಗಿಯರ ಕೈಯಲ್ಲಿ ಮಗು ಬೆಳೆಯುವುದು ಒಳ್ಳೆಯದಲ್ಲ ಎಂಬ ಅರ್ಥದ ಮಾತಾಡುತ್ತಾಳೆ. ಅಲ್ಲಿಯವರೆಗೆ ಸುಮ್ಮನೆ ನಿಂತಿದ್ದ ಬ್ರೆನ್ ಅವಳನ್ನು ಸರಿಯಾಗಿ ತರಾಟೆಗೆ ತೆಗೆದುಕೊಳ್ಳುತ್ತಾಳೆ. ಮನೆಯವರು ಪಕ್ಕದಲ್ಲಿ ನಿಂತರೆ ಹುಡುಗಿಯ ಸ್ಥಿತಿ ಎಷ್ಟು ಬದಲಾಗುತ್ತದೆ ಎಂಬುದನ್ನು ಇಷ್ಟು ಚೆನ್ನಾಗಿ ತೋರಿಸಿದ ಸಿನಿಮಾ ಕಡಿಮೆ. ಹದಿಹರೆಯದ ಬಸಿರು ಎಂದರೆ ಕಣ್ಣೀರು, ಶಿಕ್ಷೆ, ಸಾವು ಎಂಬ ಹಳೆಯ ಹಾದಿ ಇತ್ತಲ್ಲ, ಕೋಡಿ ಆ ಹಾದಿಗೆ ಕಾಲೇ ಇಡಲಿಲ್ಲ. ಶಾಲೆಯ ಕಾರಿಡಾರಿನಲ್ಲಿ ಹೊಟ್ಟೆ ಹೊತ್ತು ನಡೆಯುವ ಜೂನೋ ಎಲ್ಲರ ಕಣ್ಣಿಗೂ ಬೀಳುತ್ತಾಳೆ. ಬ್ಲೀಕರ್‌ನ ಹೊಟ್ಟೆ ಯಾರಿಗೂ ಕಾಣುವುದಿಲ್ಲ. ಅದನ್ನು ಅವಳೇ ಅವನ ಮುಖಕ್ಕೆ ಹೇಳುತ್ತಾಳೆ.

ವನೆಸ್ಸಾ ಪಾತ್ರಕ್ಕೂ ಇದೇ ಗೌರವ ಸಿಕ್ಕಿದೆ. ಮೊದಲು ಅವಳು ಬಿಗಿ, ಗೋಡೆಯ ಬಣ್ಣದ ಬಗ್ಗೆ ಚಿಂತೆ ಮಾಡುವ ಶ್ರೀಮಂತ ಹೆಂಗಸು. ಮಾರ್ಕ್ ಗಿಟಾರ್ ಬಾರಿಸುವ ಖುಷಿಯ ಮನುಷ್ಯ. ನಾವೂ ಜೂನೋ ಥರ ಮಾರ್ಕ್ ಕಡೆಗೇ ವಾಲುತ್ತೇವೆ. ಆಮೇಲೆ ಮಾಲ್‌ನಲ್ಲಿ ವನೆಸ್ಸಾ ಮಂಡಿಯೂರಿ ಜೂನೋ ಹೊಟ್ಟೆಯ ಮೇಲೆ ಕೈಯಿಟ್ಟು ಮಗುವಿನ ಒದೆತಕ್ಕೆ ಕಾಯುತ್ತಾಳೆ. ಅಲ್ಲಿಂದ ಲೆಕ್ಕ ತಿರುಗುತ್ತದೆ. ಯಾರು ದೊಡ್ಡವರಾಗಿದ್ದಾರೆ, ಯಾರು ಆಗಿಲ್ಲ ಎಂಬುದು ನಮಗೆ ಗೊತ್ತಾಗುವ ಹೊತ್ತಿಗೆ ಜೂನೋಗೂ ಗೊತ್ತಾಗಿರುತ್ತದೆ.

ಇಷ್ಟೆಲ್ಲ ಒಳ್ಳೆಯದನ್ನು ಹೇಳಿದ ಮೇಲೆ ಸಿನಿಮಾ ದಾಟಿಹೋದ ಸಂಗತಿಗಳನ್ನೂ ನೋಡಬೇಕು. ಮೊದಲನೆಯದು ಕಾನೂನು. ಗೆಳತಿ ಲಿಯಾ ಫೋನಿನಲ್ಲಿ ಒಂದು ಮಾತು ಕೇಳುತ್ತಾಳೆ: ಯಾವ ಕ್ಲಿನಿಕ್‌ಗೆ ಹೋಗ್ತೀಯ, ಒಂದು ಕಡೆ ಅಪ್ಪ-ಅಮ್ಮನ ಚೀಟಿ ಬೇಕಲ್ಲ? ಹಾಗಾದರೆ ಇನ್ನೊಂದು ಕಡೆ ಹೋಗುತ್ತೇನೆ ಎನ್ನುತ್ತಾಳೆ ಜೂನೋ. ಕೆಲವೇ ಸೆಕೆಂಡಿನಲ್ಲಿ ವಿಷಯ ಮುಗಿಯುತ್ತದೆ. ಆದರೆ ಆಗಿನ ಮಿನೆಸೋಟದಲ್ಲಿ ಇದು ಕ್ಲಿನಿಕ್‌ನಿಂದ ಕ್ಲಿನಿಕ್‌ಗೆ ಬದಲಾಗುವ ನಿಯಮ ಆಗಿರಲಿಲ್ಲ, ರಾಜ್ಯದ ಕಾನೂನೇ ಆಗಿತ್ತು. 1981ರಲ್ಲಿ ಬಂದ ಆ ಕಾನೂನಿನ ಪ್ರಕಾರ ಹದಿನೆಂಟು ತುಂಬದ ಹುಡುಗಿಗೆ ಅಬಾರ್ಷನ್ ಮಾಡುವ 48 ಗಂಟೆ ಮೊದಲು ಅಪ್ಪ ಮತ್ತು ಅಮ್ಮ ಇಬ್ಬರಿಗೂ ನೋಟಿಸ್ ಹೋಗಬೇಕಿತ್ತು. ಅದು ಬೇಡ ಎಂದರೆ ಹುಡುಗಿ ನ್ಯಾಯಾಧೀಶರ ಮುಂದೆ ನಿಂತು ಅನುಮತಿ ಪಡೆಯಬೇಕಿತ್ತು. 1990ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್, ನ್ಯಾಯಾಧೀಶರ ಈ ದಾರಿ ಇದೆ ಎಂಬ ಕಾರಣಕ್ಕೆ ಕಾನೂನನ್ನು ಉಳಿಸಿತು.

ಇಬ್ಬರಿಗೂ ಎಂದರೆ ನಿಜವಾಗಿ ಇಬ್ಬರಿಗೂ. ಜೂನೋಳ ಹೆತ್ತ ತಾಯಿ ಬಿಟ್ಟು ಹೋಗಿ ವರ್ಷಗಳೇ ಆಗಿವೆ. ದೂರದ ಅರಿಜೋನದಲ್ಲಿ ಬೇರೆ ಸಂಸಾರ ಹೂಡಿದ್ದಾಳೆ. ಪ್ರತಿ ವ್ಯಾಲೆಂಟೈನ್ಸ್ ದಿನ ಒಂದು ಕಳ್ಳಿ ಗಿಡ ಕಳಿಸುತ್ತಾಳೆ, ಅಷ್ಟೇ ಸಂಬಂಧ. ಆ ತಾಯಿಯ ವಿಳಾಸ ಪತ್ತೆಯಾಗುವಂತಿದ್ದರೆ ಅವಳಿಗೂ ನೋಟಿಸ್ ಹೋಗಬೇಕಿತ್ತು. ಕೋರ್ಟಿನಲ್ಲಿ ವಾದ ನಡೆದದ್ದೂ ಇಂಥ ಮನೆಗಳ ಬಗ್ಗೆಯೇ: ಬಿಟ್ಟು ಹೋದ ತಂದೆ, ಹೊಡೆಯುವ ತಂದೆ, ಮುಖವನ್ನೇ ನೋಡದ ತಾಯಿ. ಸಿನಿಮಾ ಈ ಅಡ್ಡಿಯನ್ನು ತೋರಿಸಿದ್ದರೆ ಉಗುರಿನ ಸದ್ದು ಕೇಳಿ ಓಡಿಬರುವ ಲಘು ದೃಶ್ಯ ಹುಟ್ಟುತ್ತಲೇ ಇರಲಿಲ್ಲ. ಅಂದರೆ ಬಾಗಿಲು ಪೂರ್ತಿ ತೆರೆದಿದ್ದ ಕಾಲ ಎಂದು ನಾವು ನೆನೆಯುವ 2007ರಲ್ಲೂ ಅದು ಪೂರ್ತಿ ತೆರೆದಿರಲಿಲ್ಲ. ನ್ಯಾಯಾಧೀಶರ ಮುಂದೆ ನಿಂತ ನಿಜವಾದ ಹುಡುಗಿಯರ ಕಥೆ ಆ ವರ್ಷ ಯಾವ ಥಿಯೇಟರಿನಲ್ಲೂ ಹಿಟ್ ಆಗಲಿಲ್ಲ.

ಎರಡನೆಯದು ದತ್ತು. ಸಿನಿಮಾದಲ್ಲಿ ಇದು ಸಹಜ ಪರಿಹಾರದಂತೆ ಬರುತ್ತದೆ. ಜಾಹೀರಾತು ನೋಡು, ವಕೀಲೆಯ ಜೊತೆ ಕೂತು ಮಾತಾಡು, ಹೆತ್ತು ಕೊಟ್ಟುಬಿಡು. ವೈದ್ಯಕೀಯ ಖರ್ಚು ಅವರದು. ಅದಕ್ಕಿಂತ ಹೆಚ್ಚಿನ ಹಣ ಜೂನೋಗೆ ಬೇಡ. ಆಮೇಲೆ ಫೋಟೋ, ಪತ್ರ ಯಾವುದೂ ಬೇಡ ಎಂದೂ ಹೇಳುತ್ತಾಳೆ. ಆದರೆ ಅಮೆರಿಕದಲ್ಲಿ ಈ ದಾರಿ ಹಿಡಿಯುವವರು ತೀರಾ ಕಡಿಮೆ. ಸುಪ್ರೀಂ ಕೋರ್ಟ್ ಗರ್ಭಪಾತವನ್ನು ಹಕ್ಕೆಂದು ಒಪ್ಪಿದ 1973ಕ್ಕೆ ಮೊದಲು ಮದುವೆಯಾಗದ ತಾಯಂದಿರಿಗೆ ಹುಟ್ಟಿದ ಮಕ್ಕಳಲ್ಲಿ ನೂರಕ್ಕೆ ಸುಮಾರು 9 ದತ್ತು ಹೋಗುತ್ತಿದ್ದವು. ಬಿಳಿಯ ತಾಯಂದಿರಲ್ಲಿ ಇದು ನೂರಕ್ಕೆ 19ರವರೆಗೂ ಇತ್ತು. 1990ರ ದಶಕದ ನಡುವಿಗೆ ಒಟ್ಟು ಪ್ರಮಾಣ ನೂರಕ್ಕೆ ಒಂದಕ್ಕಿಂತಲೂ ಕೆಳಗೆ ಇಳಿಯಿತು.

ಆ ಹಳೆಯ ಒಂಬತ್ತರ ಹಿಂದೆ ಒಂದು ಕ್ರೂರ ಚರಿತ್ರೆ ಇದೆ. ಎರಡನೇ ಮಹಾಯುದ್ಧದ ನಂತರ 1970ರ ದಶಕದ ಆರಂಭದವರೆಗೆ ಬಸುರಾದ ಮದುವೆಯಾಗದ ಹುಡುಗಿಯರನ್ನು ಮನೆಯವರು ದೂರದ ಪ್ರಸೂತಿ ಗೃಹಗಳಿಗೆ ಗುಟ್ಟಾಗಿ ಸಾಗಿಸುತ್ತಿದ್ದರು. ಹೆರಿಗೆಯಾದ ಮೇಲೆ ಕಾಗದಕ್ಕೆ ಸಹಿ ಹಾಕಿಸಿಕೊಂಡು ಮಗುವನ್ನು ತೆಗೆದುಕೊಂಡು ಹೋಗುತ್ತಿದ್ದರು. ಏನೂ ಆಗಿಲ್ಲ ಎನ್ನುವಂತೆ ಊರಿಗೆ ವಾಪಸ್ ಕಳಿಸುತ್ತಿದ್ದರು. ಹೀಗೆ ಮಗು ಕಳೆದುಕೊಂಡವರು ಸುಮಾರು 15 ಲಕ್ಷ ಎಂಬ ಅಂದಾಜಿದೆ. ಅವರಲ್ಲಿ ಅನೇಕರು ದಶಕಗಳ ಕಾಲ ಆ ನೋವನ್ನು ಯಾರಿಗೂ ಹೇಳದೆ ಬದುಕಿದರು. ಜೂನೋ ಬೇಸಿಗೆಯಲ್ಲಿ ಗಿಟಾರ್ ಹಿಡಿದು ಸೈಕಲ್ ಮೇಲೆ ಹೋಗುವಾಗ ಅವಳಿಗೆ ಮುಂದೆ ಹೇಗನ್ನಿಸಬಹುದು ಎಂದು ಸಿನಿಮಾ ಕೇಳುವುದಿಲ್ಲ. ಆಸ್ಪತ್ರೆಯ ಅಳು ಇದೆ, ನಿಜ. ಅದು ಒಂದೇ ದೃಶ್ಯ. ದತ್ತು ಕೊಟ್ಟ ತಾಯಂದಿರು ಈ ಸಿನಿಮಾದ ಮೇಲೆ ಮುನಿಸಿಕೊಂಡರೆ ಅವರ ಮಾತಿನಲ್ಲಿ ಹುರುಳಿದೆ. ಚೀನಾದಿಂದ ದತ್ತು ಪಡೆಯುವ ಬಗ್ಗೆ ಜೂನೋ ಮಾಡುವ ತಮಾಷೆಯಂತೂ ಇವತ್ತು ಕೇಳಲು ಕಷ್ಟ. ಆ ಮಕ್ಕಳು ಈಗ ದೊಡ್ಡವರಾಗಿ ತಮ್ಮ ಕಥೆಯನ್ನು ತಾವೇ ಹೇಳುತ್ತಿದ್ದಾರೆ.

2008ರಲ್ಲಿ ಟೀಕೆ ಬಂದದ್ದು ಮಾತ್ರ ಬೇರೆ ದಿಕ್ಕಿನಿಂದ. ಈ ಸಿನಿಮಾ ನೋಡಿ ಹುಡುಗಿಯರು ಬಸುರಾಗುತ್ತಿದ್ದಾರೆ ಎಂದರು. ಮ್ಯಾಸಚುಸೆಟ್ಸ್ ರಾಜ್ಯದ ಗ್ಲೌಸ್ಟರ್ ಎಂಬ ಮೀನುಗಾರರ ಊರಿನ ಹೈಸ್ಕೂಲಿನಲ್ಲಿ ಒಂದೇ ವರ್ಷ 17-18 ಹುಡುಗಿಯರು ಬಸುರಾದ ಸುದ್ದಿ ಬಂತು. ಸಾಮಾನ್ಯವಾಗಿ ಆ ಶಾಲೆಯಲ್ಲಿ ವರ್ಷಕ್ಕೆ ನಾಲ್ಕು ಇರುತ್ತಿದ್ದವು. ಹುಡುಗಿಯರು ಒಟ್ಟಿಗೆ ಸೇರಿ ಒಪ್ಪಂದ ಮಾಡಿಕೊಂಡಿದ್ದಾರೆ ಎಂದು ಟೈಮ್ ಪತ್ರಿಕೆ ಬರೆಯಿತು. ಅಂಥ ಒಪ್ಪಂದಕ್ಕೆ ಆಧಾರವಿಲ್ಲ ಎಂದು ಊರಿನ ಮೇಯರ್ ಹೇಳಿದರು. ಅಷ್ಟರಲ್ಲಿ 'ಜೂನೋ ಎಫೆಕ್ಟ್' ಎಂಬ ಹೆಸರು ಎಲ್ಲ ಕಡೆ ಹಬ್ಬಿತ್ತು. ಅದೇ ಸೆಪ್ಟೆಂಬರ್‌ನಲ್ಲಿ ರಿಪಬ್ಲಿಕನ್ ಪಕ್ಷದ ಉಪಾಧ್ಯಕ್ಷ ಅಭ್ಯರ್ಥಿಯಾಗಿದ್ದ ಅಲಾಸ್ಕದ ಗವರ್ನರ್ ತಮ್ಮ 17ರ ಮಗಳು ಗರ್ಭಿಣಿ ಎಂದು ಪ್ರಕಟಿಸಿದಾಗಲೂ ಸಿನಿಮಾದ ಹೆಸರು ಎಳೆದು ತಂದರು.

ಗ್ಲೌಸ್ಟರ್ ಸುದ್ದಿಯಲ್ಲಿ ಸಿನಿಮಾಕ್ಕಿಂತ ಮುಖ್ಯವಾದ ಒಂದು ಸಂಗತಿ ಇತ್ತು. ಶಾಲೆಯ ಕ್ಲಿನಿಕ್‌ನ ಡಾಕ್ಟರ್ ಮತ್ತು ನರ್ಸ್, ಮಕ್ಕಳು ಕೇಳಿದರೆ ಗುಟ್ಟಾಗಿ ಗರ್ಭನಿರೋಧಕ ಕೊಡಲು ಅನುಮತಿ ಬೇಕು ಎಂದಿದ್ದರು. ವಿರೋಧ ಎದುರಾಯಿತು. ಇಬ್ಬರೂ ರಾಜೀನಾಮೆ ಕೊಟ್ಟರು. ಒಂದು ಸಿನಿಮಾದ ಮೇಲೆ ತಪ್ಪು ಹೊರಿಸುವುದು ಸುಲಭ. ಕ್ಲಿನಿಕ್‌ಗೆ ಅನುಮತಿ ಕೊಡುವುದು ಊರಿನ ದೊಡ್ಡವರಿಗೆ ಕಷ್ಟ.

ಅಂಕಿ-ಅಂಶ ಏನು ಹೇಳುತ್ತದೆ? 1991ರಲ್ಲಿ ಅಮೆರಿಕದ 15ರಿಂದ 19ರ ವಯಸ್ಸಿನ ಪ್ರತಿ ಸಾವಿರ ಹುಡುಗಿಯರಿಗೆ ಸುಮಾರು 62 ಹೆರಿಗೆಗಳಿದ್ದವು. ಆಮೇಲೆ ಸತತ ಇಳಿಕೆ. 2006ರಲ್ಲಿ ಮೊದಲ ಬಾರಿ ಮತ್ತೆ ಏರಿತು. ಆ ಏರಿಕೆಯ ವರದಿ ಬಂದದ್ದು 'ಜೂನೋ' ಬಿಡುಗಡೆಯಾದ ವಾರವೇ. ಅಂದರೆ ಒಂದೇ ಒಂದು ಟಿಕೆಟ್ ಮಾರಾಟವಾಗುವ ಮೊದಲೇ ಏರಿಕೆ ಶುರುವಾಗಿತ್ತು. 2007ರಲ್ಲಿ ದರ ಸಾವಿರಕ್ಕೆ 42ರ ಆಸುಪಾಸಿನಲ್ಲಿತ್ತು. 2008ರಿಂದ ಇಳಿಯುತ್ತಾ ಬಂದು 2023ಕ್ಕೆ ಸುಮಾರು 13 ಆಗಿದೆ. ಜೂನೋ ನೋಡಿ ಬೆಳೆದ ಪೀಳಿಗೆಯೇ ಈ ಇಳಿಕೆ ತಂದದ್ದು. ಮುಖ್ಯ ಕಾರಣ ಗರ್ಭನಿರೋಧಕ ಬಳಕೆ ಹೆಚ್ಚಿದ್ದು ಎಂದು ಸಂಶೋಧಕರು ಹೇಳುತ್ತಾರೆ. ಕೊಲರಾಡೊ ರಾಜ್ಯದಲ್ಲಿ 2009ರಿಂದ ಹುಡುಗಿಯರಿಗೆ ಐಯುಡಿ (ಗರ್ಭಕೋಶದೊಳಗೆ ಇಡುವ ಗರ್ಭನಿರೋಧಕ), ಇಂಪ್ಲಾಂಟ್ (ತೋಳಿನ ಚರ್ಮದ ಕೆಳಗೆ ಇಡುವಂಥದ್ದು) ಇವುಗಳನ್ನು ಉಚಿತವಾಗಿ ಅಥವಾ ಕಡಿಮೆ ಬೆಲೆಗೆ ಕೊಟ್ಟ ಯೋಜನೆ ಇದಕ್ಕೆ ಒಳ್ಳೆಯ ಉದಾಹರಣೆ. ಅಲ್ಲಿ ಹದಿಹರೆಯದ ಹೆರಿಗೆಗಳು ಕೆಲವೇ ವರ್ಷಗಳಲ್ಲಿ ಅರ್ಧದಷ್ಟು ಕಡಿಮೆಯಾದವು.

ಇನ್ನು ರಾಜಕೀಯ. ಗರ್ಭಪಾತ ವಿರೋಧಿಗಳು ಈ ಸಿನಿಮಾ ನಮ್ಮದು ಎಂದರು. ಹುಡುಗಿ ಕ್ಲಿನಿಕ್‌ನಿಂದ ಓಡಿ ಬಂದಳು, ಮಗು ಉಳಿಯಿತು, ಇನ್ನೇನು ಬೇಕು? ಇನ್ನೊಂದು ಕಡೆಯವರು ಹೇಳಿದರು, ಅವಳಿಗೆ ಆಯ್ಕೆ ಇತ್ತು, ಆಯ್ಕೆ ಮಾಡಿದಳು, ನಾವು ಕೇಳುತ್ತಿರುವುದೂ ಅದನ್ನೇ. ತಾವು ಓದಿದ ಕ್ಯಾಥೊಲಿಕ್ ಹೈಸ್ಕೂಲಿನ ಆಡಳಿತದವರು ಪತ್ರ ಬರೆದು ಧನ್ಯವಾದ ಹೇಳಿದಾಗ ತಮಗೆ ಗಾಬರಿಯಾಯಿತು ಎಂದು ಕೋಡಿ ಆಮೇಲೆ ಹೇಳಿದ್ದಾರೆ. ಕಾಲ ಹೀಗೆ ತಿರುಗುತ್ತದೆ ಎಂದು ಗೊತ್ತಿದ್ದರೆ ಇದನ್ನು ಬರೆಯುತ್ತಿದ್ದೆನೋ ಇಲ್ಲವೋ ಎಂಬ ಮಾತನ್ನೂ ಆಡಿದ್ದಾರೆ. 2017ರಲ್ಲಿ ರೈಟ್‌ಮನ್ ಲಾಸ್ ಏಂಜಲಿಸ್‌ನಲ್ಲಿ ಈ ಚಿತ್ರಕಥೆಯ ಸಾರ್ವಜನಿಕ ಓದು ಏರ್ಪಡಿಸಿದರು. ಬಂದ ಹಣ ಗರ್ಭನಿರೋಧಕ, ಗರ್ಭಪಾತದ ಸೇವೆ ಕೊಡುವ ಪ್ಲಾನ್ಡ್ ಪೇರೆಂಟ್‌ಹುಡ್ ಸಂಸ್ಥೆಗೆ ಹೋಯಿತು. ಸಿನಿಮಾ ಮಾಡಿದವರು ಎಲ್ಲಿ ನಿಂತಿದ್ದಾರೆ ಎಂಬುದರಲ್ಲಿ ಅನುಮಾನ ಉಳಿಯಲಿಲ್ಲ.

ನನ್ನ ಅಭಿಪ್ರಾಯದಲ್ಲಿ ಕೋಡಿ ಇದನ್ನು ಬರೆದದ್ದಕ್ಕೆ ವಿಷಾದ ಪಡಬೇಕಿಲ್ಲ. ಮಗು ಹೆರುತ್ತೇನೆ ಎಂದು ತೀರ್ಮಾನಿಸುವ ಹುಡುಗಿಯ ಕಥೆ ಹೇಳುವುದು ಇನ್ನೊಬ್ಬಳ ಬಾಗಿಲು ಮುಚ್ಚಿದಂತೆ ಆಗುವುದಿಲ್ಲ. ಬಾಗಿಲು ಮುಚ್ಚಿದ್ದು ಕೋರ್ಟು ಮತ್ತು ಶಾಸನಸಭೆಗಳು.

2022ರ ಜೂನ್ 24ರಂದು ಅಮೆರಿಕದ ಸುಪ್ರೀಂ ಕೋರ್ಟ್ ಡಾಬ್ಸ್ ಪ್ರಕರಣದಲ್ಲಿ 1973ರ ರೋ ವರ್ಸಸ್ ವೇಡ್ ತೀರ್ಪನ್ನು ರದ್ದು ಮಾಡಿತು. ಗರ್ಭಪಾತಕ್ಕೆ ಸಂವಿಧಾನದ ರಕ್ಷಣೆ ಹೋಯಿತು. ನಿರ್ಧಾರ ರಾಜ್ಯಗಳ ಕೈಗೆ ಬಂತು. ಈ ಪ್ರಕರಣದಲ್ಲಿ ಜೂನೋ ಕಥೆಯ ಪರಿಹಾರವೇ ಕಾನೂನಿನ ವಾದವಾಗಿ ಬಂದದ್ದನ್ನು ಗಮನಿಸಬೇಕು. 2021ರ ಡಿಸೆಂಬರ್ 1ರ ವಿಚಾರಣೆಯಲ್ಲಿ ನ್ಯಾಯಮೂರ್ತಿ ಏಮಿ ಕೋನಿ ಬ್ಯಾರೆಟ್, ಹೆತ್ತ ಮಗುವನ್ನು ಶಿಕ್ಷೆಯ ಭಯವಿಲ್ಲದೆ ಒಪ್ಪಿಸಬಹುದಾದ ಕಾನೂನುಗಳ ಬಗ್ಗೆ ಕೇಳಿದರು. ಮಗು ಸಾಕುವ ಹೊರೆಯ ಪ್ರಶ್ನೆ ಅಲ್ಲಿಗೆ ಬಗೆಹರಿಯುವುದಿಲ್ಲವೇ ಎಂಬುದು ಅವರ ಮಾತಿನ ಧಾಟಿ. ದತ್ತು ಕೊಟ್ಟ ಮಗುವಿಗೆ ಒಳ್ಳೆಯ ಮನೆ ಸಿಗುತ್ತದೆ ಎಂಬ ವಾದವನ್ನು ಅಂತಿಮ ತೀರ್ಪು ಕೂಡ ಎತ್ತಿ ಹೇಳಿತು.

ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸ್ಯಾನ್ ಫ್ರಾನ್ಸಿಸ್ಕೊ ಕೇಂದ್ರದ ಸಂಶೋಧಕರು ಇದಕ್ಕೆ ಮೊದಲೇ ಒಂದು ದೊಡ್ಡ ಅಧ್ಯಯನ ಮಾಡಿದ್ದರು. ಗರ್ಭಪಾತ ಕೇಳಿ, ತಡವಾಯಿತೆಂದು ವಾಪಸ್ ಕಳಿಸಲಾದ ಹೆಂಗಸರನ್ನು ವರ್ಷಗಟ್ಟಲೆ ಹಿಂಬಾಲಿಸಿದರು. ಕೊನೆಗೆ ಹೆತ್ತ 161 ಮಂದಿಯಲ್ಲಿ ಮಗುವನ್ನು ದತ್ತು ಕೊಟ್ಟವರು 15 ಜನ. ಉಳಿದವರೆಲ್ಲ ತಾವೇ ಸಾಕಿದರು. ಒಂಬತ್ತು ತಿಂಗಳು ಹೊತ್ತ ಮೇಲೆ ಕೊಟ್ಟುಬಿಡುವುದು ಕೋರ್ಟಿನ ಕಲಾಪದಲ್ಲಿ ಅಥವಾ ತೊಂಬತ್ತಾರು ನಿಮಿಷದ ಸಿನಿಮಾದಲ್ಲಿ ಕಂಡಷ್ಟು ಸುಲಭವಲ್ಲ. ಜೂನೋ ಹಾಗೆ ಮಾಡಬಲ್ಲಳು, ಏಕೆಂದರೆ ಅದು ಅವಳೇ ಹುಡುಕಿಕೊಂಡ ದಾರಿ. ಬೇರೆ ದಾರಿ ಇಲ್ಲದೆ ಅಲ್ಲಿಗೆ ತಳ್ಳಿಸಿಕೊಂಡ ಹುಡುಗಿಯಿಂದ ಅದನ್ನೇ ನಿರೀಕ್ಷಿಸುವುದು ಅನ್ಯಾಯ.

ಈಗ ಜೂನೋಳ ಮಿನೆಸೋಟ ಹೇಗಿದೆ? ಅಚ್ಚರಿ ಎಂದರೆ 2007ಕ್ಕಿಂತ ಮುಕ್ತವಾಗಿದೆ. ಡಾಬ್ಸ್ ತೀರ್ಪು ಬಂದ ಕೆಲವೇ ವಾರಗಳಲ್ಲಿ, 2022ರ ಜುಲೈನಲ್ಲಿ, ಅಲ್ಲಿನ ರಾಜ್ಯ ನ್ಯಾಯಾಲಯವೊಂದು ಇಬ್ಬರು ಪೋಷಕರಿಗೆ ನೋಟಿಸ್ ಕೊಡುವ ನಿಯಮವನ್ನು ಹೊಡೆದುಹಾಕಿತು. 2023ರ ಜನವರಿಯಲ್ಲಿ ಗರ್ಭಪಾತದ ಹಕ್ಕನ್ನು ರಾಜ್ಯದ ಕಾನೂನಿನಲ್ಲೇ ಬರೆದರು. ಆದರೆ ಪಶ್ಚಿಮದ ಗಡಿ ದಾಟಿದರೆ ಸೌತ್ ಡಕೋಟ. ಅಲ್ಲಿ ತಾಯಿಯ ಜೀವ ಉಳಿಸುವ ಸಂದರ್ಭ ಬಿಟ್ಟು ಗರ್ಭಪಾತಕ್ಕೆ ಪೂರ್ತಿ ನಿಷೇಧ. ದಕ್ಷಿಣದ ಅಯೊವದಲ್ಲಿ 2024ರ ಜುಲೈನಿಂದ ಸುಮಾರು ಆರು ವಾರದ ಮಿತಿ. ಆರು ವಾರ ಎಂದರೆ ಎಷ್ಟೋ ಹುಡುಗಿಯರಿಗೆ ಮುಟ್ಟು ತಪ್ಪಿದ್ದು ಗೊತ್ತಾಗುವ ಹೊತ್ತು. ಐಡಹೊ 2023ರಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಪೋಷಕರಿಗೆ ತಿಳಿಸದೆ ಅಪ್ರಾಪ್ತೆಯ ಗರ್ಭಪಾತಕ್ಕೆ ನೆರವಾಗುವ ದೊಡ್ಡವರಿಗೆ ಎರಡರಿಂದ ಐದು ವರ್ಷ ಜೈಲು ಎಂಬ ಕಾನೂನು ತಂದಿತು. ಅದರ ವಿರುದ್ಧ ಮೊಕದ್ದಮೆಗಳು ನಡೆದಿವೆ. ಪಕ್ಕದ ಮನೆಯ ಅಕ್ಕನೋ ಶಾಲೆಯ ಟೀಚರೋ ಕಾರಿನಲ್ಲಿ ಕರೆದುಕೊಂಡು ಹೋದರೆ ಅವರ ಮೇಲೂ ಕೇಸು ಬೀಳಬಹುದು ಎಂಬ ಭಯ ಸಾಕಲ್ವಾ?

ಇದು ನಮಗೆ ದೂರದ ಸುದ್ದಿಯಾಗಿ ಉಳಿದಿಲ್ಲ. ಡಲ್ಲಾಸ್, ಹ್ಯೂಸ್ಟನ್, ಆಸ್ಟಿನ್‌ಗಳಲ್ಲಿ ಕನ್ನಡದ ಮನೆಗಳು ಜಾಸ್ತಿ. ಟೆಕ್ಸಸ್‌ನಲ್ಲಿ 2022ರ ಆಗಸ್ಟ್‌ನಿಂದ ಗರ್ಭಪಾತಕ್ಕೆ ಬಹುತೇಕ ಪೂರ್ತಿ ನಿಷೇಧ ಇದೆ. ಅತ್ಯಾಚಾರದಿಂದ ಆದ ಬಸಿರಿಗೂ ವಿನಾಯಿತಿ ಇಲ್ಲ. ಅಲ್ಲಿ ಬೆಳೆಯುತ್ತಿರುವ ನಮ್ಮ ಹೆಣ್ಣುಮಕ್ಕಳಿಗೆ ಅನ್ವಯಿಸುವುದು ಈ ಕಾನೂನು. ಊರಲ್ಲಿ ಇರುವಾಗ ಇಂಥ ಮಾತು ಎತ್ತದೆ ದಾಟಿದಂತೆ ಅಲ್ಲೂ ದಾಟಿಬಿಟ್ಟರೆ ಕಷ್ಟ ಬೀಳುವುದು ಮಕ್ಕಳ ಮೇಲೆ.

ಕರ್ನಾಟಕದಲ್ಲಿ ಈ ಕಥೆ ನಡೆದರೆ? 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ರಾಜ್ಯದ 15ರಿಂದ 19ರ ವಯಸ್ಸಿನ ಹುಡುಗಿಯರಲ್ಲಿ ನೂರಕ್ಕೆ 5.4ರಷ್ಟು ಮಂದಿ ಆಗಲೇ ತಾಯಿಯಾಗಿದ್ದರು ಅಥವಾ ಗರ್ಭಿಣಿಯಾಗಿದ್ದರು. ದೇಶದ ಸರಾಸರಿ 6.8. ಇಲ್ಲಿ ಇದರ ಬಹುಪಾಲು ಮದುವೆಯೊಳಗೇ ನಡೆಯುತ್ತದೆ. ಬಾಲ್ಯವಿವಾಹ ಆರಂಭದಿಂದಲೇ ಅಸಿಂಧು ಎಂದು ಕರ್ನಾಟಕ ತಿದ್ದುಪಡಿ ತಂದಿದ್ದರೂ ನಡೆಯುತ್ತದೆ. ಹಾಗಾಗಿ ನಮ್ಮ ಹದಿಹರೆಯದ ಬಸುರಿಗೆ ಜೂನೋಳ ಮುಖ ಇಲ್ಲ. ಅವಳು ಶಾಲೆ ಬಿಟ್ಟು ಗಂಡನ ಮನೆ ಸೇರಿದ ಹುಡುಗಿ. ಅವಳನ್ನು ಯಾರೂ ಏನು ಮಾಡ್ತೀಯ ಎಂದು ಕೇಳುವುದಿಲ್ಲ.

ಮದುವೆಯ ಹೊರಗೆ ಆದರೆ ಬೇರೆ ಕಾನೂನುಗಳು ಎದುರಾಗುತ್ತವೆ. ಹದಿನೆಂಟು ತುಂಬದ ಹುಡುಗಿಯ ಗರ್ಭಪಾತಕ್ಕೆ ಪೋಷಕರ ಲಿಖಿತ ಒಪ್ಪಿಗೆ ಬೇಕು. ಅಪ್ರಾಪ್ತೆಯರಿಗೆ 2021ರ ತಿದ್ದುಪಡಿಯಂತೆ 24 ವಾರದವರೆಗೆ ಅವಕಾಶ ಇದೆ. ಜಾಹೀರಾತು ನೋಡಿ ನೇರವಾಗಿ ಮಗು ಕೊಟ್ಟರೆ ಅದು ಅಪರಾಧ. ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಒಪ್ಪಿಸಬೇಕು. ಮನಸ್ಸು ಬದಲಾಯಿಸಲು ತಾಯಿಗೆ 60 ದಿನ ಇರುತ್ತದೆ. ಇದು ಒಳ್ಳೆಯ ನಿಯಮ, ಜೂನೋಗೂ ಇಷ್ಟು ಸಮಯ ಇದ್ದಿದ್ದರೆ ಚೆನ್ನಾಗಿತ್ತು ಎನಿಸುತ್ತದೆ. ಆದರೆ ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ಕಾಪಾಡುವ ಪೋಕ್ಸೊ ಕಾಯ್ದೆಯ ಪ್ರಕಾರ ಹದಿನೆಂಟರ ಕೆಳಗಿನವರ ಒಪ್ಪಿಗೆಗೆ ಬೆಲೆ ಇಲ್ಲ. ಡಾಕ್ಟರ್ ಪೊಲೀಸರಿಗೆ ತಿಳಿಸಲೇಬೇಕು. ಈ ಭಯಕ್ಕೆ ಹುಡುಗಿಯರು ಆಸ್ಪತ್ರೆಯ ಹತ್ತಿರವೇ ಬರುವುದಿಲ್ಲ ಎಂಬುದನ್ನು ನಮ್ಮ ಸುಪ್ರೀಂ ಕೋರ್ಟ್ 2022ರ ಸೆಪ್ಟೆಂಬರ್ 29ರ ತೀರ್ಪಿನಲ್ಲಿ ಒಪ್ಪಿಕೊಂಡಿತು. ಹುಡುಗಿ ಮತ್ತು ಪೋಷಕರು ಕೋರಿದರೆ ಡಾಕ್ಟರ್ ಕೊಡುವ ಮಾಹಿತಿಯಲ್ಲಿ ಅವಳ ಹೆಸರು, ಗುರುತು ಇರಬೇಕಿಲ್ಲ ಎಂದಿತು. ಎಷ್ಟು ಆಸ್ಪತ್ರೆಗಳಲ್ಲಿ ಇದನ್ನು ಪೋಷಕರಿಗೆ ತಿಳಿಸಿ ಹೇಳುತ್ತಾರೆ ಎಂಬುದನ್ನು ಆರೋಗ್ಯ ಇಲಾಖೆ ವಿಚಾರಿಸಬೇಕು.

ಹಾಗೆಯೇ ಹುಡುಗನ ವಿಷಯ. ಬ್ಲೀಕರ್ ಥರದ ಹದಿನಾರರ ಹುಡುಗ ಇಲ್ಲಿ ಬಾಲನ್ಯಾಯ ಮಂಡಳಿಯ ಮುಂದೆ ನಿಲ್ಲಬೇಕಾಗುತ್ತದೆ. 2022ರ ನವೆಂಬರ್‌ನಲ್ಲಿ ಕರ್ನಾಟಕ ಹೈಕೋರ್ಟಿನ ಧಾರವಾಡ ಪೀಠ, ಹದಿನಾರು ದಾಟಿದ ಹುಡುಗಿಯರು ಪ್ರೀತಿಸಿ ಓಡಿಹೋದ ಪ್ರಕರಣಗಳು ಹೆಚ್ಚುತ್ತಿವೆ, ಒಪ್ಪಿಗೆಯ ವಯಸ್ಸಿನ ಬಗ್ಗೆ ಮತ್ತೆ ಯೋಚಿಸಬೇಕು ಎಂದು ಕಾನೂನು ಆಯೋಗಕ್ಕೆ ಹೇಳಿತು. 2023ರ ಸೆಪ್ಟೆಂಬರ್‌ನಲ್ಲಿ ಬಂದ ಆಯೋಗದ 283ನೇ ವರದಿ ವಯಸ್ಸು ಇಳಿಸುವುದು ಬೇಡ ಎಂದಿತು. ಹದಿನಾರರಿಂದ ಹದಿನೆಂಟರೊಳಗಿನವರು ಒಪ್ಪಿ ನಡೆದುಕೊಂಡ ಪ್ರಕರಣಗಳಲ್ಲಿ ಶಿಕ್ಷೆ ಕಡಿಮೆ ಮಾಡುವ ವಿವೇಚನೆ ನ್ಯಾಯಾಧೀಶರಿಗೆ ಇರಲಿ ಎಂದು ಸಲಹೆ ಕೊಟ್ಟಿತು. ಶಿಕ್ಷೆಯ ಮಾತು ಬರುವುದು ವಿಚಾರಣೆ ಮುಗಿದ ಮೇಲೆ. ಅಷ್ಟು ಹೊತ್ತಿಗೆ ಆ ಇಬ್ಬರು ಮಕ್ಕಳು ಪೊಲೀಸ್ ಠಾಣೆ, ವೈದ್ಯಕೀಯ ಪರೀಕ್ಷೆ, ಕೋರ್ಟಿನ ಕಟಕಟೆ ಎಲ್ಲವನ್ನೂ ಹಾದು ಬಂದಿರುತ್ತಾರೆ.